ಹಾರನ್ನಿಗೆ ತಿರುಗದ ತಲೆಗಳು

ಬೋರಲಿಂಗೇಗೌಡ ಜೀಪಿನಿಂದ ಇಳಿದವನೇ ಅಲ್ಲ.

ಕ್ರಷರ್ ಅವನದು. ಬಂಡೆ ಅವನದು. ಬಂಡೆಯ ಬುಡದಲ್ಲಿ ಕಲ್ಲು ಹೊರುವವರು ಕೇರಿಯವರು. ಅಲ್ಲಿಗೆ ಇಳಿದರೆ ಬಿಳಿ ಪಂಚೆಗೆ ದೂಳು. ಯಾರದಾದರೂ ಮೈ ತಾಗಿದರೆ ಮನೆಗೆ ಹೋಗಿ ತಲೆ ಮೇಲೆ ನೀರು ಹುಯ್ದುಕೊಳ್ಳುವ ತಾಪತ್ರಯ ಬೇರೆ. ಅದಕ್ಕೇ ಪಾಂಡವಪುರದ ರಸ್ತೆಯಿಂದ ಒಳಗೆ ತಿರುಗಿ, ದಿಬ್ಬದ ಮೇಲಿನ ಹುಣಸೆ ಮರದ ನೆರಳಿಗೆ ಜೀಪು ನಿಲ್ಲಿಸಿ, ಮೂಗಿಗೆ ಕರ್ಚೀಫು ಒತ್ತಿಕೊಂಡು, ಕೂತಲ್ಲಿಂದಲೇ ಹಾರನ್ ಹೊಡೆಯುತ್ತಿದ್ದ. ಅವನ ದರ್ಬಾರೆಲ್ಲ ಹಾರನ್ನಿನಲ್ಲೇ.

ಅದು ಜೀಪಿನ ಜೊತೆ ಬಂದ ಹಾರನ್ ಅಲ್ಲ. ಮಿಷನ್ನಿನ ಸದ್ದನ್ನು ಸೀಳಿಕೊಂಡು ಹೋಗಬೇಕು ಅಂತ ಮೈಸೂರಿನಲ್ಲಿ ಹಾಕಿಸಿದ್ದು. ದೊಡ್ಡ ದೊಡ್ಡ ಲಾರಿಗಳಿಗೆ ಇರುತ್ತದಲ್ಲ, ಅಂಥದ್ದು. ಉದ್ದಕ್ಕೊಂದು ಹೊಡೆದರೆ ಮೇಸ್ತ್ರಿ ಓಡಿ ಬರಬೇಕು. ಚಿಕ್ಕದಾಗಿ ಎರಡು ಹೊಡೆದರೆ ಮಿಷನ್ ನಿಲ್ಲಬೇಕು. ಮೂರು ಹೊಡೆದರೆ ಲಾರಿಗೆ ಜಲ್ಲಿ ತುಂಬಬೇಕು. ಒತ್ತಿ ಹಿಡಿದುಕೊಂಡ ಅಂದರೆ ಯಾರದೋ ಅವ್ವ ಅಪ್ಪನನ್ನು ಹಿಡಿದು ಬೈಯುತ್ತಿದ್ದಾನೆ ಅಂತ. ನಾಯಿಯನ್ನಾದರೂ ಜನ ಬಾಯಿ ಬಿಟ್ಟು ಕರೆಯುತ್ತಾರೆ. ಇಲ್ಲಿ ಅದೂ ಇರಲಿಲ್ಲ.

ಇನ್ನು ಮಿಷನ್. ಎರಡು ಕಬ್ಬಿಣದ ದವಡೆ. ನಡುವೆ ಕಲ್ಲು ಬಿದ್ದರೆ ಕಟಕಟ ಅಗಿದು ಕೆಳಗೆ ಉಗಿಯುತ್ತದೆ. ಬೆಳಗ್ಗೆ ಶುರುವಾದರೆ ಊಟದ ಹೊತ್ತಿಗೊಮ್ಮೆ ನಿಂತರೆ ನಿಂತಿತು. ನಿಂತ ಮೇಲೂ ತಲೆಯೊಳಗೆ ನಿಲ್ಲುವುದಿಲ್ಲ. ಮನೆಗೆ ಹೋಗಿ ಮುದ್ದೆ ಮುರಿಯುವಾಗಲೂ ಅದೇ ಕಟಕಟ. ಮಲಗಿದರೆ ಕಿವಿಯಲ್ಲಿ ಗುಯ್ ಅಂತ ಜೀರುಂಡೆ.

ಆ ಸದ್ದಿನಲ್ಲಿ ಬಾಯಿಗೆ ಬೆಲೆ ಇಲ್ಲ. ಅದಕ್ಕೆ ಕೆಲಸದವರು ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಮುಷ್ಟಿಯನ್ನು ಅಂಗೈ ಮೇಲೆ ಇಟ್ಟರೆ ಮಿಷನ್ ನಿಲ್ಲಿಸು. ತಲೆ ಸವರಿಕೊಂಡರೆ ಮೇಲಿಂದ ಕಲ್ಲು ಉರುಳುತ್ತಿದೆ, ಹುಷಾರು. ಹೆಗಲು ತಟ್ಟಿಕೊಂಡರೆ ಮೇಸ್ತ್ರಿ; ಅವನ ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ಟವೆಲ್ಲು. ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡರೆ ಗೌಡ ಬಂದ ಅಂತ ಅರ್ಥ. ಗೌಡ ದಿಬ್ಬದ ಮೇಲಿಂದ ಅದನ್ನು ನೋಡಿ, ಪಾಪ, ಇವಕ್ಕೂ ದೂಳಿನ ಕಾಟ ಅಂದುಕೊಂಡಿದ್ದ.

ಮಿಷನ್ನಿನ ಸ್ವಿಚ್ಚು ನಿಂಗರಾಜನ ಕೈಯಲ್ಲಿತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಂದವನು. ಆಗ ಮೀಸೆ ಇರಲಿಲ್ಲ, ಈಗ ದಪ್ಪಗಾಗಿತ್ತು. ಕೋಪವೂ ಜೊತೆಗೇ ದಪ್ಪಗಾಗಿತ್ತು. ಅವನ ಅವ್ವ ಬೆಟ್ಟಮ್ಮ ಇದೇ ಮಿಷನ್ ಪಕ್ಕದಲ್ಲಿ ಬಾಂಡ್ಲಿ ಹೊತ್ತು ಹೊತ್ತು ಎರಡೂ ಕಿವಿ ಕಳೆದುಕೊಂಡು ಮನೆ ಸೇರಿದ್ದಳು. ಮಳೆ ಬಂದರೆ ಹೆಂಚಿನ ಮೇಲಿನ ಸದ್ದು ಅವಳಿಗೆ ಕೇಳುವುದಿಲ್ಲ. ಹೊರಗೆ ಒಣಹಾಕಿದ ರಾಗಿ ನೆನೆದ ಮೇಲೆ ಗೊತ್ತಾಗುವುದು. ಮಗ ಬಂದ ಅನ್ನುವುದು ಗೊತ್ತಾಗುತ್ತಿದ್ದದ್ದು ಬಾಗಿಲಲ್ಲಿ ಬಿದ್ದ ಅವನ ನೆರಳಿನಿಂದ. ಕಿವಿ ಹೋದದ್ದಕ್ಕೆ ಗೌಡನಿಂದ ಏನು ಸಿಕ್ಕಿತು ಅಂದರೆ, ಒಂದು ಹೆಸರು. ಕಿವುಡಿ ಬೆಟ್ಟಿ.

ಅದು ವರ್ಲ್ಡ್ ಕಪ್ಪಿನ ವರ್ಷ. ನಿಂಗರಾಜನ ಹತ್ತಿರ ಒಂದು ಟ್ರಾನ್ಸಿಸ್ಟರ್ ಇತ್ತು. ಮ್ಯಾಚಿನ ಹೊತ್ತಿಗೆ ಅದರ ದನಿ ಯಾಕೋ ಸಣ್ಣಗಾಗುತ್ತಾ ಬಂತು. ಸೆಲ್ಲು ಹೋಗಿದೆ ಅಂತ ಹೊಸ ಸೆಲ್ಲು ಹಾಕಿದ. ಸಣ್ಣಗೇ ಇತ್ತು. ಮತ್ತೆ ಹಾಕಿದ. ಅಂಗಡಿ ಮುದ್ದಯ್ಯ ಕೇಳಿಯೇಬಿಟ್ಟ.

"ಏನ್ಲಾ, ಸೆಲ್ಲ ರೇಡಿಯೋಗೆ ಇಕ್ತಿದ್ದೀಯೋ, ಸಾರ್ಗೆ ಇಕ್ತಿದ್ದೀಯೋ?"

ನಿಂಗರಾಜು ಟ್ರಾನ್ಸಿಸ್ಟರಿನ ಬೆನ್ನು ಬಿಚ್ಚಿ ಊದಿದ. ತಲೆ ಮೇಲೆ ಎರಡು ಬಡಿದ. ಕೊನೆಗೆ ಗುಂಡಿ ತಿರುಗುವಷ್ಟು ತಿರುಗಿಸಿ ಕಿವಿಗೆ ಅಂಟಿಸಿಕೊಂಡು ಕೂತ. ಆಗ ಗೋಡೆ ಆಚೆಯಿಂದ ಮಂಚಮ್ಮ ಬಂದು ಬಾಗಿಲಿಗೆ ಅಡ್ಡ ನಿಂತಳು. ಅವಳೂ ಕ್ರಷರಿನಲ್ಲೇ ಬಾಂಡ್ಲಿ ಹೊರುವವಳು. ಸೇರಿ ಇನ್ನೂ ಎರಡು ವರ್ಷ ಆಗಿರಲಿಲ್ಲ.

"ಲೇ ನಿಂಗ, ಅದ್ನ ಒಸಿ ಮೆಲ್ಲಗೆ ಮಡಗ್ಲಾ. ಬ್ಯಾಟ ನಮ್ಮಟ್ಟೀಲೇ ಬೀಸ್ದಂಗೆ ಆಯ್ತೈತೆ. ಎಮ್ಮೆ ಆಲೇ ಕೊಡ್ನಿಲ್ಲ ಇವತ್ತು."

"ಇದು ಜೋರಾ?"

"ಊರ್‌ಗೆಲ್ಲ ಕೇಳ್ತೈತೆ ಕಣ್ಲಾ. ನಿಂಗೊಬ್ನಿಗೇ ಕೇಳ್ತಿಲ್ವೇನೋ."

ಅವಳು ತಮಾಷೆಗೆ ಅಂದು ಹೋದಳು. ನಿಂಗರಾಜು ಒಲೆ ಮುಂದೆ ಕೂತಿದ್ದ ಅವ್ವನನ್ನು ನೋಡಿದ. ಅವಳು ಇವನ ಕೈಲಿದ್ದ ಟ್ರಾನ್ಸಿಸ್ಟರನ್ನು ನೋಡುತ್ತಿದ್ದಳು. ರೇಡಿಯೋ ಕೆಟ್ಟಿಲ್ಲ ಅಂತ ಅವಳಿಗೆ ಇವನಿಗಿಂತ ಮೊದಲೇ ಗೊತ್ತಿತ್ತು.

ಪಾಂಡವಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕಿವಿ ಹಿಡಿದು, ಎಳೆದು, ಒಳಗೆ ಬ್ಯಾಟರಿ ಬಿಟ್ಟು ನೋಡಿದರು.

"ಏನಿದು ಜಿಡ್ಡು? ಎಣ್ಣೆ ಬಿಟ್ಟಿದ್ದೀಯಾ?"

"ನಮ್ಮವ್ವ ಬೆಳ್ಳುಳ್ಳಿ ಕಾಯ್ಸಿ ಬುಟ್ಟವ್ಳೆ."

"ಒಗ್ಗರಣೆ ಹಾಕೋಕೆ ಇದೇನು ಬಾಣಲೇನಾ? ಕಡ್ಡಿ ಗಿಡ್ಡಿ ಹಾಕ್ತೀಯಾ?"

"ಬೆಂಕಿಕಡ್ಡಿ. ಒಂದೊಂದ್ಸಲ."

"ಮುಂದಿನ ಸಲ ಗೀರಿಯೇ ಹಾಕ್ಕೊ. ಒಂದೇ ಸಲಕ್ಕೆ ಮುಗಿಯುತ್ತೆ."

ಆಮೇಲೆ ಕವಲಿನ ಕಬ್ಬಿಣವೊಂದನ್ನು ಮೊಣಕೈಗೆ ಬಡಿದು, ಅದು ಗುಯ್‌ಗುಟ್ಟುತ್ತಿದ್ದಂತೆ ಅವನ ಕಿವಿಯ ಹತ್ತಿರ ಹಿಡಿದರು. ಕೇಳುವುದು ನಿಂತಾಗ ಹೇಳು ಅಂದರು. ಅವನು ಹೇಳಿದ. ಅವರು ಅದನ್ನು ತಮ್ಮ ಕಿವಿಗೆ ಹಿಡಿದುಕೊಂಡು ಸುಮ್ಮನೆ ನಿಂತರು. ಅವರಿಗೆ ಇನ್ನೂ ಕೇಳುತ್ತಲೇ ಇತ್ತು. ಎಷ್ಟೋ ಹೊತ್ತು ಕೇಳುತ್ತಿತ್ತು. ಅಷ್ಟು ಹೊತ್ತೂ ನಿಂಗರಾಜು ಅವರ ಮುಖ ನೋಡುತ್ತಾ ನಿಂತಿದ್ದ.

"ಕಿವಿ ಒಳಗೆ ಕೂದಲಿನಂಥವು ಇರ್ತವೆ ಕಣಪ್ಪ. ಪೈರಿನ ಹಂಗೆ. ಗಾಳಿ ಬಂದ್ರೆ ಬಾಗಿ ಎದ್ದೇಳ್ತವೆ. ದಿನಾ ಎಮ್ಮೆ ಹಿಂಡು ನುಗ್ಗಿಸಿದ್ರೆ ಏಳ್ತವಾ?"

"ಮತ್ತೆ ನಾಟಿ ಆಗಕಿಲ್ವಾ?"

"ಆಗಲ್ಲ. ಹೋಗಿದ್ದು ಹೋಯ್ತು. ಉಳಿದಿರೋದನ್ನ ಕಾಪಾಡ್ಕೊ."

"ವಯಸ್ಸಾದ್ಮೇಲೆ ಅಲ್ವಾ ಮೇಡಮ್ಮೋರೆ ಕಿವಿ ಓಗದು?"

"ಸದ್ದಿಗೆ ವಯಸ್ಸಿನ ಲೆಕ್ಕ ಇಲ್ಲ. ತೊಟ್ಟಿಲ ಮಗುವಿಗೂ ಅಷ್ಟೇ, ಮುದುಕರಿಗೂ ಅಷ್ಟೇ. ಒಂದು ಮಾರು ದೂರದಲ್ಲಿರೋನ ಜೊತೆ ಕಿರುಚಿಕೊಂಡು ಮಾತಾಡೋ ಹಂಗಿದ್ರೆ, ಆ ಜಾಗ ಕಿವಿಗೆ ಆಗೋದಲ್ಲ ಅಂತ ತಿಳ್ಕೊ. ಕಿವಿಗೆ ಹಾಕೋ ರಬ್ಬರಿನವು ಬರ್ತವೆ, ಮೇಲೆ ಮುಚ್ಚೋವು ಬರ್ತವೆ. ಕೊಡಿಸೋದು ನಿಮ್ಮ ಯಜಮಾನ್ರ ಕೆಲಸ. ಕೊಡಿಸೋವರೆಗೂ ಹತ್ತಿಗೆ ವ್ಯಾಸಲೀನ್ ಮೆತ್ತಿ ಉಂಡೆ ಮಾಡಿ ಇಟ್ಕೊ. ಬರೀ ಹತ್ತಿ ಏನೂ ತಡೆಯಲ್ಲ. ಆಗಾಗ ಮಿಷನ್ ಬಿಟ್ಟು ದೂರ ಹೋಗಿ ಕಿವಿಗೆ ಒಂಚೂರು ಉಸಿರು ಬಿಡಿಸು."

ನಿಂಗರಾಜು ಮೇಸ್ತ್ರಿ ತಮ್ಮಯ್ಯನ ಕೈಲಿ ಗೌಡನಿಗೆ ಹೇಳಿ ಕಳಿಸಿದ. ತಮ್ಮಯ್ಯ ಗೌಡನ ಕಡೆಯವನೇ, ದೂರದ ನೆಂಟ, ಕ್ರಷರ್ ಶುರುವಾದ ದಿನದಿಂದ ಮಿಷನ್ ಪಕ್ಕ ನಿಂತವನು. ದಿಬ್ಬ ಹತ್ತಿ ಹೋಗಿ, ಇಳಿದು ಬಂದು ಉತ್ತರ ಹೇಳಿದ.

"ಇವತ್ತು ಕಿವಿಗೆ ಕೇಳ್ತಾವ್ರೆ, ನಾಳೆ ಕಣ್ಗೆ ಕಾಡ್ಗೆ ಕೇಳ್ತಾರೆ. ಓಗಿ ಕಲ್ ಒರಕ್ಕೇಳು ಅಂದ್ರು."

ಸರಿ, ಅಂತ ನಿಂಗರಾಜು ಮುದ್ದಯ್ಯನ ಅಂಗಡಿಯಿಂದ ಹತ್ತಿಯ ಉರುಳೆ, ವ್ಯಾಸಲೀನ್ ಡಬ್ಬಿ ತಂದ. ಊಟದ ಹೊತ್ತಿನಲ್ಲಿ ಉಂಡೆ ಕಟ್ಟಿ ಹಂಚಿದ.

"ಸತ್ತೋರ್ಗೆ ಇಕ್ತಾರೆ ಕಣ್ಲಾ ಅತ್ತಿಯ," ಅಂದಳು ಮಂಚಮ್ಮ. "ಬದ್ಕಿರುವಾಗ್ಲೇ ಇಕ್ಕುಸ್ತಿದ್ದೀಯಲ್ಲ, ನಿನ್ ಕೈ ಸೇದೋಗ."

"ಸತ್ತೋರ್ಗೆ ಇಕ್ಕಿ ಏನ್ ಪ್ರಯೋಜ್ನ ಅಕ್ಕ? ಅವ್ರ್‌ಗೆ ಮಿಷನ್ ಸದ್ದು ಕೇಳ್ತದಾ?"

ಮಿಷನ್ ಬಾಯಿಗೆ ಹಾರೆಯಲ್ಲಿ ಕಲ್ಲು ನೂಕುವ ಕೆಂಪಣ್ಣ ಎಲ್ಲರಿಗಿಂತ ಹಿರಿಯ. ಅವನ ಕಿವಿ ಯಾವತ್ತೋ ಹೋಗಿತ್ತು. ಅವನಿಗೂ ಒಂದು ಜೊತೆ ಉಂಡೆ ಕೊಟ್ಟರು. ನನಗೆ ಯಾಕೆ ಅಂತ ಕೈ ತಿರುಗಿಸಿದ. ಎಲ್ಲರ ಜೊತೆ ಇರಲಿ ಅಂತ ಇವರು ಕೈ ಮಾಡಿದರು. ಮುದುಕ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು, ಮದುವೆ ಗಂಡಿನ ಹಾಗೆ ಕತ್ತು ಕೊಂಕಿಸಿ ನಡೆದು ತೋರಿಸಿದ. ಬಿದ್ದು ಬಿದ್ದು ನಕ್ಕರು. ಆ ವಾರ ನಿಂಗರಾಜನ ಕಿವಿಯ ಜೀರುಂಡೆ ಒಸಿ ಮೆತ್ತಗಾಯಿತು. ಮಂಚಮ್ಮ, ಸಂಜೆ ತಲೆ ಸಿಡಿಯೋದು ನಿಂತಿತು ಅಂದಳು.

ಅಷ್ಟೇ. ಒಂದು ವಾರ.

ಸೋಮವಾರ ಕೆಂಪಣ್ಣ ದಿಬ್ಬದ ದಾರಿಯಲ್ಲಿ ಹಾರೆ ಹೊತ್ತು ನಡೆಯುತ್ತಿದ್ದ. ಹಿಂದಿನಿಂದ ಗೌಡನ ಜೀಪು ಬಂತು. ಹಾರನ್ ಹೊಡೆದ. ಮುದುಕ ಪಕ್ಕಕ್ಕೆ ಸರಿಯಲಿಲ್ಲ. ಒತ್ತಿ ಹಿಡಿದ. ಸರಿಯಲಿಲ್ಲ. ಜೀಪಿನ ಮೂತಿ ಕಾಲಿಗೆ ತಾಗಿದ ಮೇಲೆ ಕೆಂಪಣ್ಣ ಗಾಬರಿ ಬಿದ್ದು ಹಾರೆ ಕೆಳಗಿಟ್ಟು ಕೈ ಮುಗಿದ. ಆಗ ಗೌಡನಿಗೆ ಅವನ ಕಿವಿಯಲ್ಲಿದ್ದ ಬಿಳಿ ಕಂಡಿತು.

ಊಟದ ಹೊತ್ತಾಗಿತ್ತು. ಮಿಷನ್ ನಿಂತಿತ್ತು. ಗೌಡ ಅಂದದ್ದು ಎಲ್ಲರಿಗೂ ಕೇಳಿತು.

"ಓಹೋ. ನನ್ ಆರನ್ ಕೇಳ್ಬಾರ್ದು ಅಂತ ಬೂಚು ಜಡ್ಕಂಡಿದ್ದೀರಾ? ತಮ್ಮಯ್ಯ, ತೆಗೆಸ್ಲಾ ಅದ."

ತಮ್ಮಯ್ಯ ಕೋಲಿನ ತುದಿಯಿಂದ ಕೆಂಪಣ್ಣನ ಕಿವಿ ತೋರಿಸಿದ. ಅವನೂ ಮುಟ್ಟುವವನಲ್ಲ. ಕೆಂಪಣ್ಣ ತಾನೇ ತೆಗೆದು ಅಂಗೈಯಲ್ಲಿ ಹಿಡಿದುಕೊಂಡ.

"ಬಾಯ್ಗೆ ಆಕಂಡು ಅಗಿ ಅನ್ನು."

ತಮ್ಮಯ್ಯ ಗೌಡನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿಕೊಂಡು ಕೈ ಸನ್ನೆ ಮಾಡಿದ. ಕೆಂಪಣ್ಣ ಹತ್ತಿಯನ್ನು ಬಾಯಿಗೆ ಹಾಕಿಕೊಂಡ. ಅಗಿದ. ವ್ಯಾಸಲೀನ್ ತುಟಿಯ ಕೊನೆಗೆ ಬಂತು. ಗೌಡ ಅವನು ನುಂಗುವವರೆಗೂ ಜೀಪಿನಲ್ಲಿ ಕೂತು ನೋಡಿದ. ಇನ್ನು ಯಾವನ ಕಿವಿಯಲ್ಲಾದರೂ ಹತ್ತಿ ಕಂಡರೆ ಅವತ್ತೇ ಮನೆಗೆ ಅಂದು ಗೇರ್ ಹಾಕಿದ.

ಹತ್ತಿ ಇಲ್ಲದಿದ್ದರೂ ಕೆಂಪಣ್ಣನಿಗೆ ಆ ಹಾರನ್ ಕೇಳುತ್ತಿರಲಿಲ್ಲ. ಅವನ ಕಿವಿ ತಿಂದದ್ದು ಗೌಡನ ಮಿಷನ್ನೇ. ಅದನ್ನು ಗೌಡನಿಗೆ ಹೇಳುವವರು ಯಾರು? ಹಾರನ್ನಿಗೆ ಉತ್ತರ ಹೇಳುವ ಪದ್ಧತಿ ಅಲ್ಲಿ ಇರಲಿಲ್ಲ.

ಕೆಂಪಣ್ಣ ಬಂದು ನೆರಳಿನಲ್ಲಿ ಕೂತು, ನಾಲಗೆಗೆ ಅಂಟಿದ್ದ ಎಳೆಯನ್ನು ಬೆರಳಲ್ಲಿ ಬಿಡಿಸಿಕೊಂಡ.

"ಉಪ್ಪು ಒಸಿ ಕಮ್ಮಿ ಆಗಿತ್ತು ಕಣ್ರಪ್ಪ," ಅಂದ.

ಯಾರೂ ನಗಲಿಲ್ಲ.

ನಿಂಗರಾಜು ಒಂದು ಕಲ್ಲು ಎತ್ತಿಕೊಂಡ. ಕೈಯಲ್ಲೇ ಇಟ್ಟುಕೊಂಡು ಕೂತ. ಜೀಪು ಹೋದ ದಾರಿಯಲ್ಲಿ ದೂಳು ಇನ್ನೂ ಇಳಿದಿರಲಿಲ್ಲ. ಆಮೇಲೆ ಅವನ ತಲೆಗೆ ಬೇರೆ ಏನೋ ಹೊಳೆಯಿತು. ಕಲ್ಲನ್ನು ಕೆಳಗಿಟ್ಟ. ಮೀಸೆಯ ಕೆಳಗೆ ನಗು ಬಂತು. ಅವನಿಗೆ ಕೋಪ ಬಂದಾಗ ಮಂಚಮ್ಮ ಹೆದರುತ್ತಿರಲಿಲ್ಲ. ಈ ನಗುವಿಗೆ ಹೆದರುತ್ತಿದ್ದಳು.

"ಏನ್ಲಾ ಅದು? ಮುಷ್ಕರ ಗಿಷ್ಕರ ಅಂದ್ಯೋ, ಆಚೆ ಕಡೆಯೋರ ಲಾರೀಲಿ ತುಂಬ್ಕಂಡು ಬತ್ತಾನೆ ಅಷ್ಟೇಯ."

"ಮುಷ್ಕರ ಬ್ಯಾಡ. ಕೆಲ್ಸ ಬುಡದೇ ಬ್ಯಾಡ. ಯಾವತ್ತೂ ಇಲ್ದಂಗೆ ಬೆವರ್ ಸುರ್ಸಣ. ಆದ್ರೆ ಆರನ್ನು ಕೇಳ್ಸಬಾರ್ದು."

"ಕೇಳುಸ್ತದಲ್ಲಾ ಮೂದೇವಿ. ಅತ್ತಿ ಬ್ಯಾರೆ ತೆಗೆಸ್ಬುಟ್ಟ."

"ಅದಕ್ಕೇ ಕನಕ್ಕ. ಬರೀ ಕಿವೀಲಿ ಇರಣ. ಅತ್ತಿ ಮೇಲೆ ತಪ್ಪು ಒರ್ಸಕ್ಕಾಗಕಿಲ್ಲ ಅವ್ನ್‌ಗೆ. ಕಿವುಡ್ ನನ್ಮಕ್ಳು, ಕಿವುಡ್ ನನ್ಮಕ್ಳು ಅಂತ ದಿನಾ ಬಾಯ್ ನೋಯುಸ್ಕಂತಾನಲ್ಲ. ಒಂದಿನ ಅವ್ನ್ ಮಾತ ಉಳ್ಸಣ."

"ಅವ್ನು ತಮ್ಮಯ್ಯನ್ನ ಕರೀತಾನೆ. ತಮ್ಮಯ್ಯ ಕೋಲ್ ತಕ್ಕಂಡು ತಿವೀತಾನೆ."

ನಿಂಗರಾಜು ದನಿ ತಗ್ಗಿಸಿದ. "ಮಿಷನ್ ಓಡ್ತಿದ್ರೆ ತಮ್ಮಯ್ಯನ್‌ಗೆ ಆರನ್ ಕೇಳಕಿಲ್ಲ."

"ಏನಂದೆ?"

"ಕೇಳಕಿಲ್ಲ. ನಾನು ಬಾಳ ದಿನದಿಂದ ನೋಡ್ತಾವ್ನಿ. ಆರನ್ ಹೊಡ್ದಾಗ ಅವ್ನು ತಿರ್ಗಕಿಲ್ಲ. ನಾವು ತಿರ್ಗದ ನೋಡಿ ತಿರ್ಗ್ತಾನೆ. ನಮ್ ತಲೇನೇ ಅವ್ನ್ ಕಿವಿ."

ಮಂಚಮ್ಮ ನಂಬಲಿಲ್ಲ. ನಂಬಿಸುವುದು ಕಷ್ಟವಾಗಲಿಲ್ಲ. ಮರುದಿನ ಬೆಳಗ್ಗೆ ಮಿಷನ್ ಭೋರ್ಗರೆಯುವಾಗ, ಗೌಡನ ಜೀಪು ಆ ಕಡೆ ಸುಳಿದೇ ಇಲ್ಲದಾಗ, ನಿಂಗರಾಜು ಕೈ ಮಾಡಿದ. ಹೆಂಗಸರು ಗಂಡಸರು ಎಲ್ಲರೂ ಒಂದೇ ಸಲಕ್ಕೆ ತಲೆ ಎತ್ತಿ ಹುಣಸೆ ಮರದ ಕಡೆ ತಿರುಗಿದರು. ತಮ್ಮಯ್ಯ ಅವರನ್ನು ನೋಡಿದ್ದೇ ಕೋಲು ಬಿಸಾಕಿ, ಟವೆಲ್ಲು ಸರಿಮಾಡಿಕೊಂಡು ದಿಬ್ಬ ಹತ್ತಿ ಓಡಿದ. ಮೇಲೆ ಜೀಪಿಲ್ಲ. ಗೌಡನಿಲ್ಲ. ಒಂದು ಮೇಕೆ ಇತ್ತು. ತಮ್ಮಯ್ಯ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಅದಕ್ಕೇ ಬಂದವನ ಹಾಗೆ ಹುಣಸೆ ಮರದ ಬುಡಕ್ಕೆ ಉಚ್ಚೆ ಹುಯ್ದು, ಗಂಭೀರವಾಗಿ ಇಳಿದು ಬಂದ.

ಮಂಚಮ್ಮ ಬಾಂಡ್ಲಿಯನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕಳು. ಬೆನ್ನು ಕುಣಿಯುತ್ತಿತ್ತು. ನಿಂಗರಾಜನೂ ನಕ್ಕ. ಆದರೆ ತಮ್ಮಯ್ಯ ಬಂದು ಮತ್ತೆ ಮಿಷನ್ ಪಕ್ಕ ನಿಂತು, ಇವರ ತಲೆಗಳನ್ನೇ ಒಂದೊಂದಾಗಿ ಕಣ್ಣಲ್ಲಿ ಕಾಯುತ್ತಿರುವುದನ್ನು ಕಂಡಾಗ ಅವನ ನಗು ನಿಂತಿತು. ಮನೆಯಲ್ಲಿ ಅವ್ವ ಬಾಗಿಲ ನೆರಳನ್ನು ಕಾಯುತ್ತಿದ್ದದ್ದೂ ಹೀಗೇ. ಈ ಮನುಷ್ಯನೂ ಕಿವಿ ಕೊಟ್ಟಿದ್ದಾನೆ. ಹೇಳಿದರೆ ಕೆಲಸ ಹೋಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದಾನೆ. ಗೌಡನ ನೆಂಟ ಅಂತ ಮಿಷನ್ನೇನು ಅವನಿಗೆ ಮೆಲ್ಲಗೆ ಸದ್ದು ಮಾಡಿರಲಿಲ್ಲ.

ಆ ಸಂಜೆ ಬೆಟ್ಟಮ್ಮ ಮಗನ ಬಾಯಿಯ ಆಡುವಿಕೆ ನೋಡುತ್ತಾ ಎಲ್ಲ ತಿಳಿದುಕೊಂಡಳು.

"ಕೆಲ್ಸ ಓದ್ರೆ ಏನ್ಲಾ ಮಾಡೀಯೆ?"

ನಿಂಗರಾಜು ತನ್ನ ಕಿವಿ ಮುಟ್ಟಿ ತೋರಿಸಿದ. ಇದು ಹೋದರೆ ಏನು ಮಾಡಲಿ ಅಂತ.

ಬೆಟ್ಟಮ್ಮ ವ್ಯಾಸಲೀನ್ ಡಬ್ಬಿ ಎಳೆದುಕೊಂಡು ಹತ್ತಿ ಉಂಡೆ ಕಟ್ಟಲು ಕೂತಳು.

ಗುರುವಾರ ಗೌಡನ ಜೀಪಿನಲ್ಲಿ ಒಬ್ಬ ಇಂಜಿನಿಯರು ಬಂದರು. ಕೆ.ಆರ್.ಎಸ್. ಕಡೆಯ ರಸ್ತೆಗೆ ಜಲ್ಲಿ ಬೇಕಾಗಿತ್ತು. ಯಾರ ಕ್ರಷರಿಗೆ ಕೊಡುವುದು ಅಂತ ನೋಡಿಕೊಂಡು ಹೋಗಲು ಬಂದವರು. ಗೌಡ ಹುಣಸೆ ಮರದ ಕೆಳಗೆ ಜೀಪು ನಿಲ್ಲಿಸಿದ. ಕೆಳಗೆ ಮೊದಲು ಮಂಚಮ್ಮ ಮೂಗು ಹಿಡಿದುಕೊಂಡಳು. ಮೂಗಿನಿಂದ ಮೂಗಿಗೆ ಸುದ್ದಿ ಮಿಷನ್ ತಲುಪಿತು.

ಅವತ್ತು ಅವರು ಮಾಡಿದ ಕೆಲಸವನ್ನು ಆ ಬಂಡೆ ಯಾವತ್ತೂ ಕಂಡಿರಲಿಲ್ಲ. ಬಾಂಡ್ಲಿಗಳು ಹಾರಾಡಿದವು. ಕೆಂಪಣ್ಣ ಇಪ್ಪತ್ತರ ಹುಡುಗನ ಹಾಗೆ ಹಾರೆ ಆಡಿಸಿದ. ಯಾರ ಕಿವಿಯಲ್ಲೂ ಹತ್ತಿ ಇಲ್ಲ. ಹತ್ತಿ ಸೆರಗಿನ ಗಂಟಿನಲ್ಲಿತ್ತು, ಟವೆಲ್ಲಿನ ಮಡಿಕೆಯಲ್ಲಿತ್ತು.

ಮೇಲೆ ಗೌಡ ಇಂಜಿನಿಯರಿಗೆ ತನ್ನ ಕ್ರಷರಿನ ಶಿಸ್ತು ತೋರಿಸಲು ಹೊರಟಿದ್ದ. ಅದು ಅವನ ಚಟ. ಯಾರು ಬಂದರೂ, ಇಲ್ಲಿಂದ ಎರಡು ಒತ್ತಿದರೆ ಅಲ್ಲಿ ಮಿಷನ್ ನಿಲ್ಲುತ್ತದೆ ನೋಡಿ ಅನ್ನುತ್ತಿದ್ದ.

ಎರಡು ಒತ್ತಿದ.

ನಿಂಗರಾಜನ ಬೆನ್ನಿಗೆ ಬಂದು ಬಡಿಯಿತು ಆ ಸದ್ದು. ಅವನ ಕೈ ತಾನಾಗಿಯೇ ಸ್ವಿಚ್ಚಿನ ಕಡೆ ಹೋಯಿತು. ಎಷ್ಟೋ ವರ್ಷದ ರೂಢಿ. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಪಕ್ಕದಲ್ಲಿ ಮಂಚಮ್ಮನ ಕತ್ತಿನ ನರ ಬಿಗಿದಿತ್ತು. ತಿರುಗಬಾರದು. ತಿರುಗದೆ ಇರುವುದು ಕಲ್ಲು ಹೊರುವುದಕ್ಕಿಂತ ಭಾರ. ಮಿಷನ್ ಅಗಿಯುತ್ತಲೇ ಇತ್ತು.

ಮತ್ತೆ ಎರಡು. ಮತ್ತೆ ಎರಡು. ಉದ್ದಕ್ಕೊಂದು, ಮೇಸ್ತ್ರಿಗೆ. ದಿಬ್ಬಕ್ಕೆ ಬೆನ್ನು ಹಾಕಿ ನಿಂತಿದ್ದ ತಮ್ಮಯ್ಯ ತಲೆಗಳನ್ನು ನೋಡಿದ. ತಲೆಗಳೆಲ್ಲ ಕಲ್ಲಿನ ಮೇಲಿದ್ದವು. ಸದ್ಯ, ಯಾರೂ ಕರೆದಿಲ್ಲ ಅಂತ ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಆಮೇಲೆ ಗೌಡ ಒತ್ತಿ ಹಿಡಿದ. ಹಿಡಿದೇ ಹಿಡಿದ. ಆ ಹೊತ್ತಿನಲ್ಲಿ ಅವನು ಎಷ್ಟು ಅವ್ವಂದಿರನ್ನು ಬೈದನೋ. ಪಕ್ಕದಲ್ಲಿದ್ದ ಇಂಜಿನಿಯರು ಕಿವಿ ಮುಚ್ಚಿಕೊಂಡು ನಗುತ್ತಿದ್ದದ್ದು ಕೆಂಪಣ್ಣನಿಗೆ ಓರೆಗಣ್ಣಲ್ಲೇ ಕಂಡಿತು. ಅವನೊಬ್ಬ ಮಾತ್ರ ಯಾವ ಕಷ್ಟವೂ ಇಲ್ಲದೆ ಕೆಲಸ ಮಾಡುತ್ತಿದ್ದ. ಅವನು ನಟಿಸಬೇಕಾಗಿರಲಿಲ್ಲ.

ಆಗ ಬೋರಲಿಂಗೇಗೌಡ ಜೀಪಿನಿಂದ ಇಳಿದ.

ಪಂಚೆ ಎತ್ತಿ ಕಟ್ಟಿ, ಕರ್ಚೀಫು ಹಿಡಿದು, ದಿಬ್ಬ ಜಾರುತ್ತಾ ಇಳಿದ. ಅರ್ಧ ದಾರಿಯಲ್ಲಿ ನಿಂತು ಕೂಗಿದ. ಬಾಯಿ ತೆರೆದು ಮುಚ್ಚುತ್ತಿತ್ತು, ಅಷ್ಟೇ. ಇನ್ನಷ್ಟು ಇಳಿದು ಒಂದು ಜಲ್ಲಿ ಹರಳು ಎತ್ತಿ ನಿಂಗರಾಜನ ಬೆನ್ನಿಗೆ ಬೀಸಿದ. ಬಿತ್ತು. ನಿಂಗರಾಜು ತಿರುಗದೆ ಬೆನ್ನು ಕೆರೆದುಕೊಂಡ. ಮಿಷನ್ ಬಾಯಿಂದ ಚೂರು ಸಿಡಿದು ದಿನವೂ ಮೈಗೆ ಬಡಿಯುತ್ತದೆ. ಅದಕ್ಕೆಲ್ಲ ತಿರುಗುತ್ತಾ ಕೂತರೆ ಕೆಲಸ ಆಗುತ್ತದಾ? ಇನ್ನೊಂದು ಬಿತ್ತು. ಇನ್ನೊಂದು. ನಿಂಗರಾಜು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕಿವುಡನನ್ನು ಕರೆಯುವುದಕ್ಕೆ ಇರುವುದು ಒಂದೇ ದಾರಿ. ಮುಟ್ಟಬೇಕು.

ಗೌಡ ಬೆನ್ನ ಹಿಂದೆ ಬಂದು ನಿಂತದ್ದು ನೆರಳಿನಿಂದ ಗೊತ್ತಾಯಿತು. ನೆರಳಿನ ಕೈ ಮೇಲೆ ಬಂತು. ಹಿಂದೆ ಹೋಯಿತು. ಮತ್ತೆ ಬಂತು. ಕೇರಿಯೆಲ್ಲ ಉಸಿರು ಹಿಡಿದು ಕಲ್ಲು ಹೊರುತ್ತಿತ್ತು. ಒಂದು ಬೆರಳು ನಿಂಗರಾಜನ ಹೆಗಲಿಗೆ ತಾಗಿತು. ಬೆವರು, ದೂಳು, ಎರಡೂ ಮೆತ್ತಿಕೊಂಡ ಹೆಗಲು. ನಿಂಗರಾಜು ತಿರುಗಲಿಲ್ಲ. ಎರಡು ಬೆರಳು. ತಿರುಗಲಿಲ್ಲ. ಕೊನೆಗೆ ಇಡೀ ಅಂಗೈ ಬಿತ್ತು, ಹಿಡಿದು ಅಲುಗಾಡಿಸಿತು.

ಆಗ ತಿರುಗಿದ. ತಿರುಗಿ ಕೈ ಮುಗಿದ. ಗೌಡ ಏನೋ ಕಿರುಚಿದ. ನಿಂಗರಾಜು ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದ. ಖಾಲಿ ಕಿವಿ. ಬೇಕಾದರೆ ನೋಡಿಕೊಳ್ಳಿ ಬುದ್ಧಿ ಅನ್ನುವ ಹಾಗೆ. ಗೌಡ ಬೇರೆ ದಾರಿ ಕಾಣದೆ ಆ ಕಿವಿಗೆ ಬಾಯಿ ತಂದ. ಅವನ ಉಗುಳು ಬಿಸಿಯಾಗಿ ನಿಂಗರಾಜನ ಕೆನ್ನೆಗೆ ಬಿತ್ತು.

"ಆಫ್ ಮಾಡ್ಲಾ, ಬೋಳಿಮಗ್ನೆ."

ನಿಂಗರಾಜು ತಲೆ ಆಡಿಸಿದ. ಕೇಳಿಸಲಿಲ್ಲ, ಇನ್ನೊಂದು ಸಲ. ಗೌಡ ಮತ್ತೆ ಬಾಯಿ ತಂದ. ಮಿಷನ್ನಿನಿಂದ ಒಂದು ಮಾರು ದೂರದಲ್ಲಿ ಅವನು ನಿಂತದ್ದು ಅದೇ ಮೊದಲು. ಅಷ್ಟರಲ್ಲಿ ಕೆಂಪಣ್ಣ ಹಾರೆ ಮೀಟಿ ಒಂದು ದಪ್ಪ ಬಂಡೆಯನ್ನು ದವಡೆಯೊಳಕ್ಕೆ ಕೆಡವಿದ.

ಗೌಡ ಎರಡೂ ಕೈಯಿಂದ ಎರಡೂ ಕಿವಿ ಮುಚ್ಚಿಕೊಂಡ.

ಮುಖ ಹಿಂಡಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಹಾಗೇ ನಿಂತ. ಕರ್ಚೀಫು ಕೆಳಗೆ ಬಿತ್ತು. ಕೆಂಪಣ್ಣ ಹಾರೆ ಒರಗಿಸಿ ನಿಧಾನಕ್ಕೆ ಇಳಿದು ಬಂದ. ಟವೆಲ್ಲಿನ ಮಡಿಕೆ ಬಿಚ್ಚಿ ಎರಡು ಹತ್ತಿ ಉಂಡೆ ತೆಗೆದ. ಬೆಟ್ಟಮ್ಮ ಕಟ್ಟಿದ್ದು, ಬೆಳ್ಳಗೆ ದುಂಡಗೆ ಇದ್ದವು. ಅಂಗೈ ಮೇಲೆ ಇಟ್ಟು ಗೌಡನ ಮುಂದೆ ಹಿಡಿದ.

ಗೌಡ ಹತ್ತಿ ನೋಡಿದ. ಆ ಕೈ ನೋಡಿದ. ಮಿಷನ್ ಅಗಿಯುತ್ತಿತ್ತು. ಅವನ ಒಂದು ಕೈ ಕಿವಿ ಬಿಟ್ಟು ಮುಂದಕ್ಕೆ ಬಂತು.

ಕೆಂಪಣ್ಣ ಅಂಗೈ ಮುಚ್ಚಿದ. ಬೆರಳಿನಿಂದ ಬಾಯಿ ತೋರಿಸಿದ. ಮೊದಲು ಅಗಿ ಅಂತ.

ಆ ಸನ್ನೆ ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ಗೌಡನಿಗೂ ತಿಳಿಯಿತು. ಕೈ ವಾಪಸ್ಸು ಕಿವಿಗೆ ಹೋಯಿತು. ಕೆಂಪಣ್ಣ ಅವನ ಎದುರಿಗೇ ನಿಂತು ಒಂದು ಉಂಡೆಯನ್ನು ಎಡಗಿವಿಗೆ, ಒಂದನ್ನು ಬಲಗಿವಿಗೆ ಇಟ್ಟುಕೊಂಡು, ಕತ್ತು ಕೊಂಕಿಸಿ ನಡೆದು ಹಾರೆ ಹಿಡಿದ. ಮಂಚಮ್ಮ ಸೆರಗಿನ ಗಂಟು ಬಿಚ್ಚಿದಳು. ಅವಳ ಹಿಂದಿನವಳು ಬಿಚ್ಚಿದಳು. ಗಂಡಸರು ಟವೆಲ್ಲು ಕೊಡವಿದರು. ನಿಂಗರಾಜು ಕೊನೆಗೆ ಇಟ್ಟುಕೊಂಡ. ಸದ್ದು ಹಿಂದಕ್ಕೆ ಸರಿಯಿತು, ಯಾರೋ ಬಾಗಿಲು ಹಾಕಿದ ಹಾಗೆ.

ತೆಗೆಯಿರೋ ಅದನ್ನ ಅನ್ನುವುದಕ್ಕೆ, ಬೆರಳು ತೋರಿಸುವುದಕ್ಕೆ, ಕಪಾಳಕ್ಕೆ ಹೊಡೆಯುವುದಕ್ಕೆ ಗೌಡನಿಗೆ ಒಂದಾದರೂ ಕೈ ಬೇಕಿತ್ತು. ಎರಡೂ ಕಿವಿಯ ಮೇಲಿದ್ದವು.

ತಮ್ಮಯ್ಯ ಎಲ್ಲವನ್ನೂ ನೋಡುತ್ತಾ ನಿಂತಿದ್ದ. ಗೌಡನನ್ನು ನೋಡಿದ, ತಲೆಗಳನ್ನು ನೋಡಿದ. ಆಮೇಲೆ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮಂಚಮ್ಮನ ಹತ್ತಿರ ಬಂದು ಅಂಗೈ ಚಾಚಿದ. ಅವಳು ಅವನನ್ನು ಒಂದು ಗಳಿಗೆ ಕಾಯಿಸಿದಳು. ಆಮೇಲೆ ಎರಡು ಉಂಡೆ ತೆಗೆದು, ಬೆರಳು ತಾಗುವ ಹಾಗೇ ಅವನ ಅಂಗೈಗೆ ಒತ್ತಿದಳು.

ನಿಂಗರಾಜು ದಿಬ್ಬದ ಕಡೆ ತಲೆ ಎತ್ತಿದ. ಇಂಜಿನಿಯರು ಜೀಪಿನೊಳಗೆ ಬಗ್ಗಿಕೊಂಡು ಹಾರನ್ ಒತ್ತುತ್ತಿದ್ದರು. ಹೊತ್ತಾಯಿತು, ಬನ್ನಿ ಅಂತ ಕೈ ಬೀಸುವುದು, ಮತ್ತೆ ಒತ್ತುವುದು. ಕರೆಯುತ್ತಿದ್ದದ್ದು ಗೌಡನನ್ನು.

ಗೌಡ ತಿರುಗಲಿಲ್ಲ.